ಹಿತ್ತಲ ಕೋಳಿಗಳು ಒಂದೊಂದಾಗಿ ಸಾಯುತ್ತಿವೆ: ಇದು ಯಾವ ರೋಗ, ಉಳಿದವನ್ನು ಉಳಿಸುವುದು ಹೇಗೆ?

ಪ್ರಶ್ನೆ: ನಮ್ಮದು ಕಡೂರು ತಾಲ್ಲೂಕಿನ ಒಂದು ಹಳ್ಳಿ. ಹಿತ್ತಲಲ್ಲಿ ಆರು ಗಿರಿರಾಜ ಹೇಂಟೆ, ಐದು ನಾಟಿ ಹೇಂಟೆ, ಒಂದು ಹುಂಜ ಮತ್ತು ಮೂರು ವಾರದ ಒಂಬತ್ತು ಮರಿಗಳಿದ್ದವು. ಐದು ದಿನಗಳ ಹಿಂದೆ ಎರಡು ಹೇಂಟೆಗಳು ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿದವು. ಹಿಕ್ಕೆ ಹಸಿರಾಗಿ ನೀರಾಗಿತ್ತು, ಬಾಯಿ ತೆರೆದು ಉಸಿರೆಳೆಯುತ್ತಿದ್ದವು. ಔಷಧಿ ಅಂಗಡಿಯಿಂದ ಟೆಟ್ರಾಸೈಕ್ಲಿನ್ ಪುಡಿ ತಂದು ನೀರಿಗೆ ಹಾಕಿದೆ. ಅತ್ತೆಯವರು ಬೆಳ್ಳುಳ್ಳಿ, ಅರಿಸಿನ ಅರೆದು ಕುಡಿಸಿದರು. ಎರಡೂ ಸತ್ತವು. ನಿನ್ನೆಯಿಂದ ಇನ್ನೂ ಮೂರು ಮಂಕಾಗಿವೆ, ಅವುಗಳಲ್ಲಿ ಒಂದರ ಕತ್ತು ತಿರುಚಿಕೊಂಡಿದೆ. ಸುಮಾರು ಹನ್ನೆರಡು ದಿನಗಳ ಹಿಂದೆ ಹಬ್ಬಕ್ಕೆಂದು ಸಂತೆಯಿಂದ ಒಂದು ಹುಂಜ ತಂದು, ಎರಡು ದಿನ ಕಟ್ಟಿಹಾಕಿಕೊಂಡು, ಕೊಯ್ದಿದ್ದೆವು. ಅದು ಚೆನ್ನಾಗಿಯೇ ಇತ್ತು. ಲಸಿಕೆ ಯಾವುದನ್ನೂ ಹಾಕಿಸಿಲ್ಲ. ಔಷಧ ಬದಲಿಸಬೇಕೇ? ಉಳಿದವನ್ನು ಮಾರಿಬಿಡುವುದು ಒಳ್ಳೆಯದೇ? ಮೊಟ್ಟೆ ತಿನ್ನಬಹುದೇ? ಒಂದು ನಾಟಿ ಹೇಂಟೆ ಕಾವಿಗೆ ಕೂತಿದೆ, ಅದರ ಮೊಟ್ಟೆಗಳನ್ನು ಏನು ಮಾಡಲಿ?

ಉತ್ತರ: ಇಂದು ಸಂಜೆಯೊಳಗೆ ಮಾಡಬೇಕಾದ ಕೆಲಸವನ್ನು ಮೊದಲು ಹೇಳುತ್ತೇನೆ, ಕಾರಣಗಳು ಆಮೇಲೆ.

ಚೆನ್ನಾಗಿ ಕಾಣುತ್ತಿರುವ ಕೋಳಿಗಳನ್ನು ಹಿತ್ತಲಿನಿಂದ ತೆಗೆದು ಮನೆಯ ಇನ್ನೊಂದು ಬದಿಯ ಕೊಟ್ಟಿಗೆಗೋ ಮುಂಭಾಗದ ಜಗಲಿಗೋ ಸಾಗಿಸಿ, ಮಂಕರಿಯ ಕೆಳಗೆ ಅಥವಾ ಬಲೆ ಕಟ್ಟಿ ಕೂಡಿಹಾಕಿ. ಸಾಮಾನ್ಯವಾಗಿ ಎಲ್ಲರೂ ಕಾಯಿಲೆಯ ಕೋಳಿಯನ್ನು ಎತ್ತಿ ಬೇರೆ ಕಡೆ ಇಡುತ್ತಾರೆ. ಆದರೆ ಹಳೆಯ ಗೂಡಿನ ನೆಲ, ನೀರಿನ ಬಟ್ಟಲು, ಕೂರುವ ಕೋಲು ಇವೆಲ್ಲವೂ ಈಗಾಗಲೇ ರೋಗಾಣುವಿನಿಂದ ತುಂಬಿರುತ್ತವೆ. ಹಾಗಾಗಿ ಹೊಸ ಜಾಗಕ್ಕೆ ಹೋಗಬೇಕಾದವು ಆರೋಗ್ಯವಾಗಿರುವ ಕೋಳಿಗಳು. ಕಾಯಿಲೆಯವು ಇದ್ದಲ್ಲೇ ಇರಲಿ. ಹೊಸ ಜಾಗಕ್ಕೆ ಹೊಸ ಬಟ್ಟಲು, ಹೊಸ ನೀರು. ಮೇವು ನೀರು ಕೊಡುವಾಗ ಮೊದಲು ಆರೋಗ್ಯವಾಗಿರುವವುಗಳ ಬಳಿಗೆ ಹೋಗಿ, ಕಾಯಿಲೆಯವುಗಳ ಬಳಿಗೆ ಕೊನೆಗೆ ಹೋಗಿ. ಆ ಎರಡು ಜಾಗಕ್ಕೆ ಎರಡು ಜೊತೆ ಚಪ್ಪಲಿ ಬೇಕು. ಪ್ರತಿ ಬಾರಿಯೂ ಸೋಪಿನಿಂದ ಕೈ ತೊಳೆಯಿರಿ. ಮಕ್ಕಳನ್ನು ದೂರವಿಡಿ, ನಾಯಿಯನ್ನು ಕಟ್ಟಿಹಾಕಿ.

ಒಂದು ಕೋಳಿಯನ್ನೂ ಮಾರಬೇಡಿ, ಯಾರಿಗೂ ಕೊಡಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ, ಕೋಳಿಗಳು ಸಾಯುತ್ತಿವೆ ಎಂದು ತಿಳಿಸಿ. ಎಷ್ಟು ಇದ್ದವು, ಎಷ್ಟು ಸತ್ತವು, ಯಾವ ದಿನ ಎಂಬುದನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಂಡಿದ್ದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.

ಇನ್ನು ರೋಗದ ಮಾತು. ನೀವು ಬರೆದಿರುವುದನ್ನು ಓದಿದರೆ ಇದು ಕೊಕ್ಕರೆ ರೋಗ, ಅಂದರೆ ರಾಣಿಖೇತ್ ರೋಗ ಇರುವ ಸಾಧ್ಯತೆ ಬಹಳ ಹೆಚ್ಚು. ಯಾವುದೋ ಒಂದು ಲಕ್ಷಣವನ್ನು ಹಿಡಿದು ಹೀಗೆ ಹೇಳುತ್ತಿಲ್ಲ. ಹಸಿರು ಹಿಕ್ಕೆ ಎಷ್ಟೋ ರೋಗಗಳಲ್ಲಿ ಬರುತ್ತದೆ. ಎರಡು ದಿನ ಏನನ್ನೂ ತಿನ್ನದೆ ಕೂತ ಯಾವ ಕೋಳಿಯ ಹಿಕ್ಕೆಯೂ ಪಿತ್ತದಿಂದ ಹಸಿರಾಗುತ್ತದೆ. ಮೂಲೆ ಹಿಡಿಯುವುದೂ ಅಷ್ಟೇ, ಎಲ್ಲ ಕಾಯಿಲೆಯ ಕೋಳಿಗಳೂ ಮಾಡುವುದು ಅದನ್ನೇ. ಇಲ್ಲಿ ನೋಡಬೇಕಾದದ್ದು ನಾಲ್ಕು ಸಂಗತಿಗಳು ಒಟ್ಟಿಗೆ ಬಂದಿರುವುದನ್ನು: ಬೆಳೆದ ಕೋಳಿಗಳಿಗೆ ಬಂದಿದೆ, ಒಂದರಿಂದ ಇನ್ನೊಂದಕ್ಕೆ ದಿನಗಳಲ್ಲಿ ಹರಡಿದೆ, ಉಸಿರಾಟ ಹಾಗೂ ಹೊಟ್ಟೆ ಎರಡೂ ಕೆಟ್ಟಿವೆ, ಈಗ ಕತ್ತು ತಿರುಚಿಕೊಂಡು ನರಕ್ಕೂ ತಟ್ಟಿದೆ. ಇವುಗಳ ಜೊತೆಗೆ ಲಸಿಕೆ ಹಾಕಿಲ್ಲದ ಹಿಂಡು, ಮತ್ತು ಸಂತೆಯ ಹುಂಜ.

ಆ ಹುಂಜದ ವಿಷಯವನ್ನು ನೀವು ಬರೆದದ್ದು ತುಂಬ ಒಳ್ಳೆಯದಾಯಿತು. ಈ ರೋಗಾಣು ಮೈ ಸೇರಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು 2ರಿಂದ 15 ದಿನ ಬೇಕು, ಸಾಮಾನ್ಯವಾಗಿ ಐದಾರು ದಿನ. ಹುಂಜ ಬಂದದ್ದು ಹನ್ನೆರಡು ದಿನಗಳ ಹಿಂದೆ, ನಿಮ್ಮ ಹೇಂಟೆಗಳು ಮಂಕಾದದ್ದು ಐದು ದಿನಗಳ ಹಿಂದೆ. ನಡುವೆ ಒಂದು ವಾರ. ಲೆಕ್ಕ ಸರಿಯಾಗಿ ಕೂಡುತ್ತದೆ. ಹುಂಜ ಚೆನ್ನಾಗಿತ್ತು ಎನ್ನುತ್ತೀರಿ. ಲಕ್ಷಣ ಬರುವ ಮೊದಲೇ ಕೋಳಿ ತನ್ನ ಹಿಕ್ಕೆ, ಜೊಲ್ಲು, ಉಸಿರಿನಲ್ಲಿ ರೋಗಾಣುವನ್ನು ಚೆಲ್ಲಲು ಶುರುಮಾಡುತ್ತದೆ. ಕೊಯ್ದ ಮೇಲೆ ಗರಿ, ಕರುಳು, ತೊಳೆದ ನೀರು ಎಲ್ಲಿಗೆ ಹೋದವು? ತಿಪ್ಪೆಗೆ ಹೋಗಿದ್ದರೆ ನಿಮ್ಮ ಹೇಂಟೆಗಳು ಮಾರನೆಯ ದಿನ ಅದೇ ತಿಪ್ಪೆಯನ್ನು ಕೆದರಿರುತ್ತವೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಸಂಕ್ರಾಂತಿ ಕಳೆದ ಮೇಲಿಂದ ಊರೂರಿನಲ್ಲೂ ಜಾತ್ರೆ, ಮಾರಿಹಬ್ಬ, ಹರಕೆ. ಹತ್ತಾರು ಊರುಗಳ ಕೋಳಿಗಳು ಕಾಲು ಕಟ್ಟಿಸಿಕೊಂಡು ಒಂದೇ ಸಂತೆಯಲ್ಲಿ ಒಟ್ಟಾಗಿ, ಮತ್ತೆ ಹತ್ತಾರು ಊರುಗಳಿಗೆ ಚದುರುತ್ತವೆ. ಬೇಸಿಗೆಯಲ್ಲಿ ಹಳ್ಳಿಯ ಕೋಳಿಗಳು ಸಾಲಾಗಿ ಸಾಯುವುದಕ್ಕೆ ಬಿಸಿಲನ್ನು ದೂರುವವರು ಬಹಳ. ನನ್ನ ಪ್ರಕಾರ ಸಂತೆಯ ಪಾಲು ದೊಡ್ಡದು.

ಜಾವಾ ದ್ವೀಪದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಬಳಿಯೂ 1926ರಲ್ಲಿ ಗುರುತಿಸಲಾದ ಈ ವೈರಾಣು ರೋಗ ಮರುವರ್ಷವೇ ಈಗಿನ ಉತ್ತರಾಖಂಡದ ಕುಮಾವೂಂ ಬೆಟ್ಟಗಳ ರಾಣಿಖೇತ್‌ನಲ್ಲಿ ಕಾಣಿಸಿಕೊಂಡಿತು. ಲಸಿಕೆಯಿಲ್ಲದ ಹಿಂಡಿಗೆ ಇದರ ಉಗ್ರ ತಳಿ ಹೊಕ್ಕರೆ ಹತ್ತರಲ್ಲಿ ಒಂಬತ್ತು ಕೋಳಿಗಳು ಸಾಯಬಹುದು, ಕೆಲವೊಮ್ಮೆ ಎಲ್ಲವೂ. ಸುಳ್ಳು ಭರವಸೆ ಕೊಡಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಆದರೆ ಹಿತ್ತಲ ಕೋಳಿಗಳಲ್ಲಿ, ಬೇಗ ಬೇರ್ಪಡಿಸಿದರೆ, ಕೆಲವು ಉಳಿಯುವುದನ್ನೂ ನೋಡಿದ್ದೇನೆ. ಮೊದಲು ಹೇಳಿದ ಕೆಲಸಗಳಿಗೆ ಅಷ್ಟು ಒತ್ತು ಕೊಟ್ಟದ್ದು ಅದಕ್ಕಾಗಿಯೇ.

ಸಾಧ್ಯತೆ ಹೆಚ್ಚು ಎಂದೆನೇ ಹೊರತು ಖಚಿತ ಎನ್ನಲಿಲ್ಲ. ಪತ್ರದ ಮೇಲೆ ಖಚಿತ ಎನ್ನುವವರನ್ನು ನಂಬಬೇಡಿ. ಖಚಿತವಾಗುವುದು ಸತ್ತ ಕೋಳಿಯನ್ನು ಕೊಯ್ದು ನೋಡಿದಾಗ, ಇನ್ನೂ ಗಟ್ಟಿಯಾಗಿ ಹೇಳಬೇಕೆಂದರೆ ಪ್ರಯೋಗಾಲಯದಲ್ಲಿ. ಕೊಕ್ಕರೆ ರೋಗದಲ್ಲಿ ಕಾಳು ಅರೆಯುವ ಗಟ್ಟಿ ಹೊಟ್ಟೆಗಿಂತ ಮೊದಲು ಸಿಗುವ ಸಣ್ಣ ಹೊಟ್ಟೆಯ ಒಳಗೋಡೆಯಲ್ಲಿ ಗ್ರಂಥಿಗಳ ತುದಿಗೆ ಕೆಂಪು ರಕ್ತದ ಚುಕ್ಕೆಗಳು ಕಾಣುತ್ತವೆ. ಕರುಳಿನಲ್ಲೂ ಅಲ್ಲಲ್ಲಿ ರಕ್ತ ಕಂದಿರುತ್ತದೆ. ಇದನ್ನು ನೀವು ಮನೆಯಲ್ಲಿ ಮಾಡಬೇಡಿ, ವೈದ್ಯರು ಮಾಡಲಿ. ಇನ್ನೊಂದು ಕೋಳಿ ಸತ್ತರೆ ಅದನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಒಂದರೊಳಗೊಂದು ಕಟ್ಟಿ, ಐಸ್ ತುಂಬಿದ ಡಬ್ಬದಲ್ಲಿಟ್ಟು, ಕೆಲವೇ ಗಂಟೆಗಳಲ್ಲಿ ಆಸ್ಪತ್ರೆಗೆ ತಲುಪಿಸಿ. ಮನೆಯ ಫ್ರಿಜ್‌ನ ಹೆಪ್ಪುಗಟ್ಟಿಸುವ ಭಾಗದಲ್ಲಿ ಇಡಬೇಡಿ. ಹೆಪ್ಪುಗಟ್ಟಿದರೆ ಅಂಗಾಂಶ ಹಾಳಾಗಿ ಪರೀಕ್ಷೆ ಕಷ್ಟವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದು ನೀವು ತಿನ್ನುವ ಆಹಾರ ಇಡುವ ಜಾಗ.

ಮನೆಯಲ್ಲಿ ಕೊಯ್ಯಬೇಡಿ ಎನ್ನುವುದಕ್ಕೆ ದೊಡ್ಡ ಕಾರಣ ಮನುಷ್ಯರಿಗೂ ತಗುಲಬಲ್ಲ ಹಕ್ಕಿ ಜ್ವರ. ಕರ್ನಾಟಕಕ್ಕೆ ಅದು ಹೊಸದಲ್ಲ. 2012ರಲ್ಲಿ ಹೆಸರಘಟ್ಟದಲ್ಲಿ, 2016ರಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್‌ನಲ್ಲಿ, 2020ರಲ್ಲಿ ಮೈಸೂರಿನಲ್ಲಿ ಬಂದಿತ್ತು. ಎರಡೂ ರೋಗಗಳು ಮೇಲ್ನೋಟಕ್ಕೆ ಹೋಲುತ್ತವೆ, ಅನುಭವಿಗಳಿಗೂ ಕಣ್ಣಿನಿಂದಷ್ಟೇ ಬೇರ್ಪಡಿಸಲು ಆಗುವುದಿಲ್ಲ. ನಿನ್ನೆ ಸಂಜೆ ಚೆನ್ನಾಗಿ ಮೇಯುತ್ತಿದ್ದ ಹಿಂಡಿನಲ್ಲಿ ಬೆಳಗ್ಗೆ ಹೆಚ್ಚಿನವು ಸತ್ತು ಬಿದ್ದಿದ್ದರೆ, ಜುಟ್ಟು ಮತ್ತು ಗಲ್ಲದ ಜೋಲು ನೀಲಿಗಟ್ಟಿದ್ದರೆ, ತಲೆ ಊದಿದ್ದರೆ, ಗರಿಯಿಲ್ಲದ ಕಾಲಿನ ಚರ್ಮದಲ್ಲಿ ರಕ್ತ ಕಂದಿದ್ದರೆ, ಊರಿನಲ್ಲಿ ಕಾಗೆಗಳೋ ಕೆರೆಯ ಹಕ್ಕಿಗಳೋ ಸಾಯುತ್ತಿದ್ದರೆ, ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟದೆ, ಅಲ್ಲಿಂದ ಏನನ್ನೂ ಕದಲಿಸದೆ ತಕ್ಷಣ ಪಶು ಆಸ್ಪತ್ರೆಗೆ ತಿಳಿಸಬೇಕು. ಅಂಥ ಕೋಳಿಯನ್ನು ನೀವಾಗಿ ಆಸ್ಪತ್ರೆಗೆ ಹೊತ್ತುಕೊಂಡು ಹೋಗುವುದೂ ಬೇಡ, ಅವರೇ ಬರುತ್ತಾರೆ. ತಿಳಿಸಿದರೆ ಉಳಿದವನ್ನೂ ಕೊಂದುಹಾಕುತ್ತಾರೆ ಎಂದು ಹೆದರಿ ಮುಚ್ಚಿಡುವವರಿದ್ದಾರೆ. ಹಕ್ಕಿ ಜ್ವರ ದೃಢಪಟ್ಟು ಸರ್ಕಾರ ಕೊಲ್ಲಿಸುವ ಕೋಳಿಗಳಿಗೆ ಪರಿಹಾರ ಸಿಗುತ್ತದೆ, ತಾವಾಗಿ ಸತ್ತವುಗಳಿಗೆ ಸಿಗುವುದಿಲ್ಲ. ಹಾಗಾಗಿ ಬೇಗ ತಿಳಿಸುವುದೇ ಲಾಭ. ಮನೆಯ ಮಕ್ಕಳ ಆರೋಗ್ಯದ ಮುಂದೆ ಆ ಲೆಕ್ಕ ಹೇಗೂ ಸಣ್ಣದು.

ಔಷಧ ಬದಲಿಸಬೇಕೇ ಎಂದು ಕೇಳಿದ್ದೀರಿ. ಟೆಟ್ರಾಸೈಕ್ಲಿನ್ ಒಂದು ಆಂಟಿಬಯಾಟಿಕ್. ಅದನ್ನು ನಿಲ್ಲಿಸಿ, ಅದರ ಬದಲಿಗೆ ಇನ್ನೊಂದನ್ನು ತರಬೇಡಿ. ಆಂಟಿಬಯಾಟಿಕ್‌ಗಳು ಕೊಲ್ಲುವುದು ಬ್ಯಾಕ್ಟೀರಿಯಾವನ್ನು, ವೈರಾಣುವಿಗೆ ಅವು ಏನೂ ಮಾಡುವುದಿಲ್ಲ. ವೈರಾಣು ರೋಗದ ಬೆನ್ನಿಗೆ ಬ್ಯಾಕ್ಟೀರಿಯಾ ಸೇರಿಕೊಂಡಿದೆ ಎಂದು ವೈದ್ಯರಿಗೆ ಅನ್ನಿಸಿದರೆ ಅವರೇ ಬರೆದುಕೊಡುತ್ತಾರೆ. ಅಂಗಡಿಯವರು ಚಿಟಿಕೆ ಲೆಕ್ಕದಲ್ಲಿ ಕೊಡುವ ಪುಡಿಯಿಂದ ಆಗುವ ಕೆಡುಕು ಎರಡು. ಔಷಧದ ಅಂಶ ಮೊಟ್ಟೆಗೆ ಇಳಿದು ನಿಮ್ಮ ತಟ್ಟೆಗೆ ಬರುತ್ತದೆ. ಇನ್ನೊಂದು, ಅರೆಬರೆ ಪ್ರಮಾಣದಲ್ಲಿ ಔಷಧ ಕಂಡ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತೆ ಬಲಿಯುತ್ತದೆ. ಮನುಷ್ಯರಿಗೆ ಕೊನೆಯ ಆಸರೆಯಾಗಿ ಉಳಿದಿರುವ ಕೊಲಿಸ್ಟಿನ್ ಎಂಬ ಔಷಧವನ್ನು ಕೋಳಿಗಳಿಗೆ ಎಗ್ಗಿಲ್ಲದೆ ಕೊಡುತ್ತಿದ್ದುದರಿಂದಲೇ ಕೇಂದ್ರ ಸರ್ಕಾರ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಈ ಸಂಗತಿ ಹಿತ್ತಲಿನ ಹನ್ನೆರಡು ಕೋಳಿಗಳಿಗೂ ಅನ್ವಯಿಸುತ್ತದೆ.

ಅತ್ತೆಯವರ ಬೆಳ್ಳುಳ್ಳಿ, ಅರಿಸಿನದಿಂದ ಕೆಡುಕಿಲ್ಲ, ಈ ರೋಗ ವಾಸಿಯಾಗುವುದೂ ಇಲ್ಲ. ಆದರೆ ಕುಡಿಸಿದ ರೀತಿಯ ಬಗ್ಗೆ ಎಚ್ಚರ ಬೇಕು. ಕೋಳಿಯ ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ತೆರೆದಿರುತ್ತದೆ. ಕೊಕ್ಕು ಬಿಡಿಸಿ ಸುರಿದ ದ್ರವ ನೇರವಾಗಿ ಶ್ವಾಸಕೋಶಕ್ಕೆ ಇಳಿಯಬಹುದು. ಮೊದಲೇ ಬಾಯಿ ತೆರೆದು ಉಸಿರಾಡುತ್ತಿರುವ ಕೋಳಿ ಅದರಿಂದಲೇ ಸಾಯುತ್ತದೆ. ಕೊಕ್ಕಿನ ಪಕ್ಕದ ಅಂಚಿಗೆ ಒಂದೊಂದೇ ಹನಿ ತಾಗಿಸಿ, ಅದು ತಾನಾಗಿ ನುಂಗಲು ಬಿಡಿ.

ಕಾಯಿಲೆಯ ಕೋಳಿಗಳಿಗೆ ನೀವು ಕೊಡಬಹುದಾದದ್ದು ಆರೈಕೆ. ನೆರಳು, ಗಾಳಿ, ಒಣ ನೆಲ, ರಾತ್ರಿ ಬೆಚ್ಚಗೆ. ಮನುಷ್ಯರಿಗೆ ಕೊಡುವ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಕಲಸಿ ಇಡಿ. ಮೆತ್ತಗೆ ಬೇಯಿಸಿದ ಅನ್ನವನ್ನೋ ತೆಳುವಾದ ರಾಗಿ ಗಂಜಿಯನ್ನೋ ಸ್ವಲ್ಪ ಸ್ವಲ್ಪವಾಗಿ ಕೊಡಿ. ಮೈ ಮುಟ್ಟಿ ನೋಡಿ ಜ್ವರ ಎಂದು ಹೆದರಿ ಪ್ಯಾರಾಸಿಟಮಾಲ್ ಅರೆದು ಕುಡಿಸುವವರಿದ್ದಾರೆ. ಆರೋಗ್ಯವಾಗಿರುವ ಕೋಳಿಯ ಮೈ ಬಿಸಿಯೇ ಸುಮಾರು 41 ಡಿಗ್ರಿ ಸೆಲ್ಸಿಯಸ್. ನಮ್ಮ ಅಂಗೈಗೆ ಕೋಳಿ ಯಾವಾಗಲೂ ಬಿಸಿಯೇ. ಕತ್ತು ತಿರುಚಿದ ಹೇಂಟೆಗೆ ಕಾಳನ್ನು ಗುರಿಯಿಟ್ಟು ಕುಕ್ಕಲು ಆಗುವುದಿಲ್ಲ, ಹಾಗಾಗಿ ಅದು ರೋಗಕ್ಕಿಂತ ಮೊದಲು ಹಸಿವಿನಿಂದ ಸಾಯಬಹುದು. ಅಗಲವಾದ ಬಟ್ಟಲಿನಲ್ಲಿ ಮೆತ್ತನೆಯ ಆಹಾರವಿಟ್ಟು ತಲೆಗೆ ಕೈ ಆಸರೆ ಕೊಟ್ಟು ತಿನ್ನಿಸಬೇಕು. ಕೆಲವು ವಾರಗಳಲ್ಲಿ ಕತ್ತು ಭಾಗಶಃ ನೇರವಾದ ಕೋಳಿಗಳಿವೆ, ಜೀವನವಿಡೀ ಓರೆಯಾಗಿಯೇ ಉಳಿದವೂ ಇವೆ. ಅದು ಒದ್ದಾಡುತ್ತಾ ನೆಲದಲ್ಲಿ ಸುತ್ತುತ್ತಿದ್ದರೆ, ನೀರೂ ಇಳಿಯದಿದ್ದರೆ, ನೋವಿಲ್ಲದೆ ಕೊನೆಗಾಣಿಸುವಂತೆ ವೈದ್ಯರನ್ನು ಕೇಳಿ. ಅದನ್ನು ನಾನು ನಿರ್ದಯೆ ಎಂದುಕೊಳ್ಳುವುದಿಲ್ಲ.

ನಿಮ್ಮ ಹಿತ್ತಲಿನ ಚಿತ್ರ ಸ್ವಲ್ಪ ಬೇರೆಯಾಗಿದ್ದರೆ ನನ್ನ ಉತ್ತರವೂ ಬೇರೆಯಾಗುತ್ತಿತ್ತು. ನೀವಲ್ಲದೆ ಕೋಳಿ ಸಾಕುವ ಇತರರೂ ಇದನ್ನು ಓದುತ್ತಾರೆ, ಹಾಗಾಗಿ ಅದನ್ನೂ ಹೇಳುತ್ತೇನೆ. ಬೆಳೆದ ಕೋಳಿಗಳೆಲ್ಲ ಚೆನ್ನಾಗಿದ್ದು ಮೂರರಿಂದ ಆರು ವಾರದ ಮರಿಗಳು ಮಾತ್ರ ಗರಿ ಉಬ್ಬಿಸಿ ನಿಂತು, ಹಿಕ್ಕೆಯಲ್ಲಿ ರಕ್ತ ಬಂದರೆ, ನಾನು ಮೊದಲು ನೆನೆಯುವುದು ರಕ್ತಭೇದಿಯನ್ನು, ಅಂದರೆ ಕಾಕ್ಸಿಡಿಯೋಸಿಸ್ ಅನ್ನು. ಅದು ಕರುಳಿನೊಳಗೆ ಬೆಳೆಯುವ ಏಕಕೋಶ ಜೀವಿಯಿಂದ ಬರುತ್ತದೆ. ಮಳೆಗಾಲದಲ್ಲಿ, ಒದ್ದೆ ನೆಲದಲ್ಲಿ, ನೀರಿನ ಬಟ್ಟಲ ಸುತ್ತ ಕೆಸರಾದಲ್ಲಿ ಜಾಸ್ತಿ. ಇದಕ್ಕೆ ಔಷಧವಿದೆ, ಬೇಗ ಕೊಟ್ಟರೆ ಫಲವೂ ಇದೆ. ಸಾಮಾನ್ಯವಾಗಿ ಕೊಡುವುದು ನೀರಿನಲ್ಲಿ ಕರಗುವ ಆಂಪ್ರೋಲಿಯಂ, ಮೂರರಿಂದ ಐದು ದಿನ ಪೂರ್ತಿ ಪ್ರಮಾಣದಲ್ಲಿ, ಆಮೇಲೆ ಕೆಲವು ದಿನ ಕಡಿಮೆ ಪ್ರಮಾಣದಲ್ಲಿ. ಆ ದಿನಗಳಲ್ಲಿ ಮರಿಗಳಿಗೆ ಬೇರೆ ನೀರು ಸಿಗಬಾರದು. ಮರಿಗಳು ಸೊರಗಿವೆ ಎಂದು ಇದೇ ಹೊತ್ತಿನಲ್ಲಿ ಬಿ ಕಾಂಪ್ಲೆಕ್ಸ್ ಟಾನಿಕ್ ಕೊಡುವ ರೂಢಿ ಎಲ್ಲೆಡೆ ಇದೆ. ಆಂಪ್ರೋಲಿಯಂ ಕೆಲಸ ಮಾಡುವುದೇ ಆ ಜೀವಿಗೆ ಬಿ1 ಜೀವಸತ್ವ ಸಿಗದಂತೆ ತಡೆದು. ನಾವು ಟಾನಿಕ್‌ನಲ್ಲಿ ಬಿ1 ಸುರಿದರೆ ಔಷಧದ ಕೈ ಕಟ್ಟಿದಂತಾಗುತ್ತದೆ. ಟಾನಿಕ್ ಚಿಕಿತ್ಸೆ ಮುಗಿದ ಮೇಲೆ ಕೊಡಿ.

ಮುಖ ಒಂದು ಬದಿಗೆ ಊದಿ, ಮೂಗಿನಿಂದ ಕೆಟ್ಟ ವಾಸನೆಯ ಸಿಂಬಳ ಸುರಿಯುತ್ತಿದ್ದರೆ ಅದು ಬ್ಯಾಕ್ಟೀರಿಯಾದಿಂದ ಬರುವ ನೆಗಡಿ, ಕೊರೈಜಾ. ಅಲ್ಲಿ ಆಂಟಿಬಯಾಟಿಕ್ ನಿಜಕ್ಕೂ ಕೆಲಸ ಮಾಡುತ್ತದೆ, ಆದರೆ ವಾಸಿಯಾದ ಕೋಳಿ ರೋಗವನ್ನು ಒಳಗಿಟ್ಟುಕೊಂಡು ಇತರರಿಗೆ ಹಂಚುತ್ತಿರುತ್ತದೆ. ಜುಟ್ಟು, ಕಣ್ಣಿನ ಸುತ್ತ, ಗಲ್ಲದ ಜೋಲಿನ ಮೇಲೆ ಕಪ್ಪು ಗಂಟುಗಳೆದ್ದರೆ ಸಿಡುಬು. ಅದನ್ನು ಹರಡುವುದು ಹೆಚ್ಚಾಗಿ ಸೊಳ್ಳೆ. ಗಂಟುಗಳನ್ನು ಕೀಳದೆ, ಪೊವಿಡೋನ್ ಅಯೋಡಿನ್ ಅಥವಾ ಅರಿಸಿನ ಕಲಸಿದ ಬೇವಿನ ಎಣ್ಣೆಯನ್ನು ಕಣ್ಣಿಗೆ ತಾಗದಂತೆ ಹಚ್ಚುತ್ತಾ ಬಂದರೆ ಮೂರು ನಾಲ್ಕು ವಾರಗಳಲ್ಲಿ ಉದುರುತ್ತವೆ. ಗಂಟಲಿನೊಳಗೆ ಹಳದಿ ಪೊರೆ ಕಟ್ಟಿದರೆ ಮಾತ್ರ ಅಪಾಯ. ಎರಡರಿಂದ ಐದು ತಿಂಗಳ ಕೋಳಿ ಒಂದು ಕಾಲು ಮುಂದಕ್ಕೂ ಇನ್ನೊಂದು ಕಾಲು ಹಿಂದಕ್ಕೂ ಚಾಚಿ ಮಲಗಿದ್ದು, ಕಣ್ಣು ಚುರುಕಾಗಿ ಮೇವಿಗೆ ಆಸೆ ಪಡುತ್ತಿದ್ದರೆ ನರಗಳನ್ನು ಕೆಡಿಸುವ ಮಾರೆಕ್ಸ್ ಎಂಬ ವೈರಾಣು ರೋಗದ ಶಂಕೆ. ಅದಕ್ಕೆ ಮದ್ದಿಲ್ಲ. ಹೊಟ್ಟೆ ತುಂಬ ಕಾಳಿರುವ ಹಲವು ಕೋಳಿಗಳು ಒಂದೇ ಮಧ್ಯಾಹ್ನ ಸತ್ತರೆ ರೋಗಕ್ಕಿಂತ ಮೊದಲು ವಿಷವನ್ನು ಯೋಚಿಸಿ: ಕೀಟನಾಶಕ ಹಚ್ಚಿದ ಬಿತ್ತನೆ ಬೀಜ, ಇಲಿ ಪಾಷಾಣ, ಸಿಂಪಡಣೆಯ ಡ್ರಮ್ಮಿನ ಬಳಿ ನಿಂತ ನೀರು.

ಮತ್ತೊಂದನ್ನು ಸ್ವಲ್ಪ ನಿಧಾನಿಸಿ ಹೇಳಬೇಕು, ಏಕೆಂದರೆ ಅದು ತಪ್ಪಿಹೋಗುವುದೇ ಹೆಚ್ಚು. ಜುಟ್ಟು ಬಿಳಿಚಿಕೊಂಡು, ಮೊಟ್ಟೆ ನಿಂತು, ದಿನೇ ದಿನೇ ಸೊರಗಿ ಒಂದೊಂದೇ ಸಾಯುವ ಹಿಂಡನ್ನು ಹಗಲಿನಲ್ಲಿ ಎಷ್ಟು ಪರೀಕ್ಷಿಸಿದರೂ ಏನೂ ಸಿಗುವುದಿಲ್ಲ. ಒಮ್ಮೆ ರಾತ್ರಿ ಹತ್ತು ಗಂಟೆಯ ಮೇಲೆ ಟಾರ್ಚ್ ಹಿಡಿದು ಗೂಡಿನ ಒಳಗೆ ನೋಡಿ. ಹಲಗೆಯ ಸಂದು, ಗೋಡೆಯ ಬಿರುಕು, ಬಿದಿರಿನ ಗಂಟುಗಳಿಂದ ಹೊರಬಂದ ಚಪ್ಪಟೆ ಉಣ್ಣೆಗಳು ಮಲಗಿದ ಕೋಳಿಗಳ ರಕ್ತ ಹೀರುತ್ತಿರುತ್ತವೆ, ಬೆಳಗಾಗುವುದರೊಳಗೆ ಮತ್ತೆ ಸಂದು ಸೇರುತ್ತವೆ. ಅಲ್ಲಿ ಕೋಳಿಗೆ ಕೊಡುವ ಯಾವ ಔಷಧವೂ ಪೂರ್ತಿ ಪರಿಹಾರವಲ್ಲ. ಗೂಡನ್ನೇ ಖಾಲಿ ಮಾಡಿ, ಸಂದುಗಳಿಗೆ ವೈದ್ಯರು ಹೇಳಿದ ಕೀಟನಾಶಕ ಹೊಡೆದು, ಬಿರುಕು ಮುಚ್ಚಿ, ಸುಣ್ಣ ಬಳಿಯಬೇಕು. ಹಾಗೆಯೇ ಎದೆಮೂಳೆಯನ್ನು ಬೆರಳಿನಿಂದ ಸವರಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಎರಡೂ ಬದಿಯ ಮಾಂಸ ಕರಗಿ ಮೂಳೆ ಅಲಗಿನಂತೆ ಕೈಗೆ ತಾಕಿದರೆ ಕಾಯಿಲೆ ನಿನ್ನೆ ಮೊನ್ನೆಯದಲ್ಲ, ವಾರಗಳದ್ದು. ಜಂತುಹುಳು, ಉಣ್ಣೆ, ಅಪೌಷ್ಟಿಕತೆ ಆ ಸಾಲಿಗೆ ಸೇರಿದವು. ಮಾಂಸ ತುಂಬಿಕೊಂಡಿರುವ ಕೋಳಿ ಸತ್ತರೆ ರೋಗ ವೇಗದ್ದು. ನಿಮ್ಮಲ್ಲಿ ಸತ್ತ ಎರಡು ಹೇಂಟೆಗಳು ಕೊನೆಯವರೆಗೂ ತೂಕವಾಗಿದ್ದವೇ ಎಂಬುದನ್ನು ನೆನಪಿಸಿಕೊಂಡು ವೈದ್ಯರಿಗೆ ಹೇಳಿ.

ಉಳಿದ ಕೋಳಿಗಳಿಗೆ ಈಗಲೇ ಲಸಿಕೆ ಹಾಕಿಸಬಹುದೇ ಎಂಬ ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೆ ನೆರೆಯವರು ಯಾರಾದರೂ ಸಲಹೆ ಕೊಡುತ್ತಾರೆ. ರೋಗ ಹೊಕ್ಕಿರುವ ಹಿಂಡಿನಲ್ಲಿ ಅದು ವೈದ್ಯರ ವಿವೇಚನೆಗೆ ಬಿಟ್ಟದ್ದು. ಲಸಿಕೆಯಿಂದ ರಕ್ಷಣೆ ಹುಟ್ಟಲು ಒಂದೆರಡು ವಾರ ಬೇಕು. ರೋಗಾಣು ಆಗಲೇ ಒಳಗೆ ಸೇರಿರುವ ಕೋಳಿ ಲಸಿಕೆಯ ಮೂರನೆಯ ದಿನ ಸತ್ತರೆ ಊರಿನವರು ಲಸಿಕೆಯೇ ಕೊಂದಿತು ಎನ್ನುತ್ತಾರೆ, ಆ ಮಾತು ಹಬ್ಬಿದ ಊರಿನಲ್ಲಿ ಮುಂದಿನ ವರ್ಷಗಳಲ್ಲೂ ಯಾರೂ ಲಸಿಕೆ ಹಾಕಿಸುವುದಿಲ್ಲ. ಅದಕ್ಕಿಂತ ತುರ್ತಾದದ್ದು ಇನ್ನೂ ರೋಗ ತಲುಪದ ನೆರೆಹೊರೆಯ ಹಿತ್ತಲುಗಳು. ನಿಮ್ಮ ಮನೆಗೆ ರೋಗ ಬಂದಿದೆ ಎಂದು ಅವರಿಗೆ ಇಂದೇ ಹೇಳಿ. ಅವರ ಕೋಳಿಗಳಿಗೆ ಲಸಿಕೆ ಹಾಕಿಸಲು ಸಮಯವಿದೆ. ಆದರೆ ನಿಮ್ಮ ಹಿತ್ತಲಲ್ಲಿ ಓಡಾಡಿದ ಕಾಲು, ಕೋಳಿ ಹಿಡಿದ ಕೈಗಳೇ ಆ ಮನೆಗಳಿಗೆ ಲಸಿಕೆ ಹಾಕಲು ಹೋಗಬಾರದು.

ಇದನ್ನೇ ಒತ್ತಿ ಹೇಳಬೇಕೆಂದು ನಾನು ಇಷ್ಟು ಉದ್ದವಾಗಿ ಬರೆಯುತ್ತಿದ್ದೇನೆ: ಹಳ್ಳಿಯ ಕೋಳಿಗಳನ್ನು ಅತಿ ಹೆಚ್ಚು ಕೊಲ್ಲುವ ಈ ರೋಗಕ್ಕೆ ಔಷಧ ಇಲ್ಲ, ಅಗ್ಗದ ಲಸಿಕೆ ಇದೆ. ಹೆಬ್ಬಾಳದಲ್ಲಿರುವ ಸರ್ಕಾರಿ ಸಂಸ್ಥೆಯಲ್ಲೇ ಕೋಳಿ ಲಸಿಕೆ ತಯಾರಾಗುತ್ತದೆ, ಪಶು ಆಸ್ಪತ್ರೆಗಳಲ್ಲಿ ವಿಚಾರಿಸಿದರೆ ಸಿಗುವ ದಿನ ಹೇಳುತ್ತಾರೆ. ಮರಿಗೆ ಐದರಿಂದ ಏಳು ದಿನವಾದಾಗ ಎಫ್ ತಳಿಯ ಅಥವಾ ಲಾಸೋಟಾ ಲಸಿಕೆ, ಕಣ್ಣಿಗೋ ಮೂಗಿನ ಹೊಳ್ಳೆಗೋ ಒಂದು ಹನಿ. ಸುಮಾರು ನಾಲ್ಕು ವಾರಕ್ಕೆ ಲಾಸೋಟಾ ಇನ್ನೊಮ್ಮೆ. ಎಂಟು ವಾರದ ಸುಮಾರಿಗೆ ಆರ್ ಟು ಬಿ ಚುಚ್ಚುಮದ್ದು, ಚರ್ಮದ ಕೆಳಗೆ ಅರ್ಧ ಮಿಲಿಲೀಟರ್. ರಾಣಿಖೇತ್‌ನಿಂದ ಬಹಳ ದೂರವೇನೂ ಇಲ್ಲದ ಮುಕ್ತೇಶ್ವರದ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಅಭಿವೃದ್ಧಿಯಾದ ತಳಿ ಅದು, ಬಲವಾದದ್ದು. ಆದ್ದರಿಂದಲೇ ಆರು ವಾರಕ್ಕಿಂತ ಚಿಕ್ಕ ಮರಿಗಳಿಗೂ ಸೊರಗಿದ ಕೋಳಿಗಳಿಗೂ ಅದನ್ನು ಹಾಕಬಾರದು. ಚುಚ್ಚುಮದ್ದಿಗೆ ಒಂದು ವಾರ ಮೊದಲು ಜಂತುಹುಳುವಿನ ಔಷಧ ಕೊಟ್ಟಿದ್ದರೆ ಫಲ ಚೆನ್ನಾಗಿರುತ್ತದೆ. ಆರೇಳು ವಾರದಲ್ಲಿ ರೆಕ್ಕೆಯ ಪೊರೆಗೆ ಚುಚ್ಚುವ ಸಿಡುಬಿನ ಲಸಿಕೆಯನ್ನೂ ಹಾಕಿಸಿಬಿಡಿ.

ಹನ್ನೆರಡು ಕೋಳಿಗಳಿರುವವರಿಗೆ ತೊಡಕು ಬರುವುದು ಸೀಸೆಯ ಗಾತ್ರದಲ್ಲಿ. ಒಂದು ಸೀಸೆಯಲ್ಲಿ ನೂರೋ ಇನ್ನೂರೋ ಕೋಳಿಗಳಿಗೆ ಆಗುವಷ್ಟು ಲಸಿಕೆ ಇರುತ್ತದೆ, ದ್ರಾವಣ ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಉಳಿದದ್ದನ್ನು ನಾಳೆಗೆ ಇಟ್ಟರೆ ಅದು ಬರೀ ನೀರು. ಹಾಗಾಗಿ ಬೀದಿಯ ಎಂಟು ಹತ್ತು ಮನೆಯವರು ಸೇರಿ, ಒಂದು ದಿನ ಗೊತ್ತುಮಾಡಿ, ಮುಂಜಾನೆ ಗೂಡಿನ ಬಾಗಿಲು ತೆಗೆಯುವ ಮೊದಲು ಹಾಕಿಸಬೇಕು. ಸ್ವಸಹಾಯ ಸಂಘದ ಮಹಿಳೆಯರು ಮನಸ್ಸು ಮಾಡಿದರೆ ಇದು ಒಂದು ಬೆಳಗಿನ ಕೆಲಸ. ಸೀಸೆ ಆಸ್ಪತ್ರೆಯಿಂದ ನಿಮ್ಮ ಊರಿಗೆ ಬರುವಾಗ ಐಸ್ ಹಾಕಿದ ಫ್ಲಾಸ್ಕ್‌ನಲ್ಲೇ ಬರಬೇಕು. ಬೈಕಿನ ಡಬ್ಬಿಯಲ್ಲೋ ಅಂಗಿಯ ಜೇಬಿನಲ್ಲೋ ಬಿಸಿಲಿನಲ್ಲಿ ಬಂದ ಲಸಿಕೆ ಹಾಕಿಸಿಕೊಂಡ ಹಿಂಡುಗಳಿಗೆ ರೋಗ ಬಂದಾಗ ಲಸಿಕೆ ಸುಳ್ಳು ಎನ್ನುತ್ತಾರೆ. ಲಸಿಕೆಯನ್ನು ಕೆಡಿಸಿದ್ದು ಆ ದಾರಿಯ ಬಿಸಿಲು. ಹನಿ ಹಾಕಿದ ಮೇಲೆ ಕೋಳಿ ಕಣ್ಣು ಮಿಟುಕಿಸಿ ಹನಿ ಒಳಗೆ ಹೋಗುವವರೆಗೆ ಬಿಡಬಾರದು. ಸಂಕ್ರಾಂತಿಗೆ ಮೊದಲೇ, ಜಾತ್ರೆಗಳು ಶುರುವಾಗುವ ಮುನ್ನ, ಊರಿನ ಎಲ್ಲ ಬೆಳೆದ ಕೋಳಿಗಳಿಗೂ ಒಂದು ಸುತ್ತು ಮುಗಿದಿರಬೇಕು ಎಂಬುದು ನನ್ನ ಆಸೆ.

ಸತ್ತ ಕೋಳಿಗಳನ್ನು ಹೊಳೆಗೆ, ಹಳ್ಳಕ್ಕೆ, ರಸ್ತೆಯ ಬದಿಗೆ ಎಸೆಯಬೇಡಿ. ಕನಿಷ್ಠ ಮೂರು ಅಡಿ ಆಳದ ಗುಂಡಿ ತೋಡಿ, ಬಾವಿಯಿಂದ ದೂರದಲ್ಲಿ, ಗರಿ ಮತ್ತು ಹಾಸಿನ ಸಮೇತ ಹೂತು, ಮೇಲೆ ಸುಣ್ಣ ಸುರಿದು, ನಾಯಿ ಕೆದರದಂತೆ ಕಲ್ಲು ಹೇರಿ. ತಿಪ್ಪೆಗೆ ಎಸೆದ ಹೆಣದಲ್ಲಿ ಹುಳು ಹುಟ್ಟಿ, ಆ ಹುಳು ತಿಂದ ಆರೋಗ್ಯವಂತ ಕೋಳಿಗಳು ಕತ್ತು ಜೋತುಬಿಟ್ಟು ಸಾಯುವ ಬಾಟುಲಿಸಂ ಎಂಬ ಇನ್ನೊಂದು ಸಂಕಟವೂ ಇದೆ. ಗೂಡಿನ ಹಿಕ್ಕೆಯನ್ನು ಕೆರೆದು ಹೂತು, ಸೋಪಿನ ನೀರಿನಿಂದ ಉಜ್ಜಿ ತೊಳೆದು, ಬ್ಲೀಚಿಂಗ್ ಪುಡಿಯ ನೀರು ಸಿಂಪಡಿಸಿ, ಆಮೇಲೆ ಬಿಸಿಲಿಗೆ ಬಿಡಿ. ಮೊದಲು ಉಜ್ಜಿ ತೊಳೆಯುವುದು ಮುಖ್ಯ, ಹಿಕ್ಕೆಯ ಮೇಲೆ ಸುರಿದ ಬ್ಲೀಚಿಂಗ್ ಪುಡಿ ಕೆಲಸ ಮಾಡುವುದಿಲ್ಲ. ಈ ಕೆಲಸ ಮಾಡುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿ, ಕಣ್ಣು ಉಜ್ಜಿಕೊಳ್ಳಬೇಡಿ. ಕೊಕ್ಕರೆ ರೋಗದ ವೈರಾಣು ಮನುಷ್ಯರಿಗೆ ತರುವುದು ಸಾಮಾನ್ಯವಾಗಿ ಕೆಲವು ದಿನಗಳ ಕಣ್ಣುಬೇನೆ, ಆದರೆ ರೋಗ ಇದೇ ಎಂದು ಖಚಿತವಾಗುವವರೆಗೆ ಎಚ್ಚರ ಬಿಡಬಾರದು. ಕೊನೆಯ ಕೋಳಿ ಸತ್ತ ಅಥವಾ ಚೇತರಿಸಿಕೊಂಡ ಮೇಲೆ ಕನಿಷ್ಠ ಒಂದೂವರೆ ತಿಂಗಳು ಹೊಸ ಕೋಳಿ ತರಬೇಡಿ. ಬದುಕುಳಿದವು ಕೆಲಕಾಲ ರೋಗಾಣು ಚೆಲ್ಲುತ್ತಲೇ ಇರುತ್ತವೆ, ಅವುಗಳ ಜೊತೆಗೆ ಲಸಿಕೆಯಿಲ್ಲದ ಮರಿಗಳನ್ನು ಬಿಟ್ಟರೆ ಮತ್ತೆ ಮೊದಲಿನಿಂದ. ಇನ್ನು ಮುಂದೆ ಸಂತೆಯಿಂದ ಬಂದ ಕೋಳಿ ಸಾಕುವುದಕ್ಕಾದರೆ ಮೂರು ವಾರ ಬೇರೆ ಇರಲಿ, ಕೊಯ್ಯುವುದಕ್ಕಾದರೆ ಹಿತ್ತಲಿಗೆ ಕಾಲಿಡದೆ ಅದೇ ದಿನ ಕೆಲಸ ಮುಗಿದು ಗರಿ ಕರುಳು ಗುಂಡಿಗೆ ಸೇರಲಿ.

ಮೊಟ್ಟೆಯ ಬಗ್ಗೆ: ಟೆಟ್ರಾಸೈಕ್ಲಿನ್ ನೀರು ಕುಡಿದ ಕೋಳಿಗಳ ಮೊಟ್ಟೆಯನ್ನು ಎಷ್ಟು ದಿನ ಬಿಡಬೇಕೆಂದು ಆ ಪೊಟ್ಟಣವನ್ನೇ ತೋರಿಸಿ ವೈದ್ಯರನ್ನು ಕೇಳಿ, ಅಲ್ಲಿಯವರೆಗೆ ತಿನ್ನಬೇಡಿ, ಮಾರಬೇಡಿ. ಮಂಕಾದ ಕೋಳಿಗಳನ್ನು ಸಾಯುವ ಮೊದಲೇ ಕೊಯ್ದು ಸಾರು ಮಾಡುವ ಯೋಚನೆಯೂ ಬೇಡ. ಚೆನ್ನಾಗಿ ಬೆಂದ ಮಾಂಸದಲ್ಲಿ ವೈರಾಣು ಉಳಿಯುವುದಿಲ್ಲ ಎಂಬುದು ನಿಜ, ಅಪಾಯ ಇರುವುದು ಕೊಯ್ಯುವಾಗ, ಗರಿ ಕೀಳುವಾಗ, ತೊಳೆಯುವಾಗ.

ಕಾವಿಗೆ ಕೂತಿರುವ ಹೇಂಟೆ ದಿನಕ್ಕೊಮ್ಮೆ ಮಾತ್ರ ಏಳುವುದರಿಂದ ಅದು ಹಿಂಡಿನಿಂದ ದೂರವೇ ಉಳಿದಿರುವ ಸಾಧ್ಯತೆ ಇದೆ. ಅದನ್ನು ಗೂಡಿನ ಬುಟ್ಟಿಯ ಸಮೇತ ರಾತ್ರಿ ಎತ್ತಿ, ಆರೋಗ್ಯವಾಗಿರುವ ಇತರ ಕೋಳಿಗಳ ಜೊತೆಗೂ ಸೇರಿಸದೆ, ಪ್ರತ್ಯೇಕವಾದ ಕತ್ತಲ ಮೂಲೆಯಲ್ಲಿಡಿ. ಕಳೆದ ಹನ್ನೆರಡು ದಿನಗಳಲ್ಲಿ ಇಟ್ಟ ಮೊಟ್ಟೆಗಳು ಅದರ ಅಡಿಯಲ್ಲಿದ್ದರೆ ತೆಗೆದು ಹೂತುಬಿಡಿ, ಚಿಪ್ಪಿಗೆ ಹತ್ತಿದ ಹಿಕ್ಕೆಯ ಮೂಲಕ ರೋಗಾಣು ಒಳಗೆ ಬರುತ್ತದೆ. ಹುಂಜ ಬರುವ ಮೊದಲೇ ಕಾವಿಗಿಟ್ಟಿದ್ದ ಮೊಟ್ಟೆಗಳಾದರೆ, ಹೇಂಟೆ ಚೆನ್ನಾಗಿರುವವರೆಗೆ ಬಿಡಿ. ಮರಿಯಾದರೆ ಏಳು ದಿನ ದಾಟುವ ಮೊದಲು, ಐದನೆಯ ದಿನವೇ, ಮೊದಲ ಹನಿ ಹಾಕಿಸಿ.